ಹಡಗಿನ ತುಂಬ ತಿಳಿಸಾರು

ಕಂಪನಿಯ ಕಚ್ಚಾ ತೈಲ ಕಾಕಂಬಿಯಷ್ಟು ಗಟ್ಟಿ. ಎಲ್ಲ ಫಜೀತಿಗೂ ಅದೇ ಮೂಲ. ದೂರದ ಯಾವುದೋ ದೇಶದ ಬಾವಿಯಿಂದ ಎತ್ತಿದ ಈ ಎಣ್ಣೆಯನ್ನು ಗೋಥೆನ್‌ಬರ್ಗಿನಲ್ಲಿ ಕೂತು ಮಾರುವುದು ಸ್ಕಂದನ ಕೆಲಸ. ಗಟ್ಟಿ ಎಣ್ಣೆಗೆ ರೇಟು ಕಡಿಮೆ. ಅವತ್ತೋ ಅವನ ಪ್ರೊಬೇಷನ್ನಿನ ಕೊನೆಯ ದಿನ. ಒಂದು ಹಡಗು ಒಳ್ಳೆ ರೇಟಿಗೆ ಹೋದರೆ ಕೆಲಸ ಖಾಯಂ. ಇಲ್ಲದಿದ್ದರೆ ಹೆಂಡತಿ, ಮಗಳು, ಕುಕ್ಕರು ಸಮೇತ ಬೆಂಗಳೂರಿನ ವಿಮಾನ.

ಬೆಳಗಿನ ಫೀಕಾದಲ್ಲಿ, ಅಂದರೆ ಇಲ್ಲಿನ ಕಾಫಿ ವಿರಾಮದಲ್ಲಿ, ಬನ್ನು ಅಗಿಯುತ್ತ ಪಕ್ಕದ ಮೇಜಿನ ಅಂತೋನಿ ಉಪಾಯ ಹೇಳಿದ. “ತೆಳು ಎಣ್ಣೆ ಕೊಂಡು ಬೆರೆಸು ಮಾರಾಯ. ರೇಟು ತನ್ನಷ್ಟಕ್ಕೆ ಏರ್ತದೆ.”

“ಅರೆ, ನೆಂಟರು ಬಂದಾಗ ನಮ್ಮನೆ ಸಾರಿಗೆ ಮಾಡೋದೂ ಅದೇ ತಾನೆ!” ಸ್ಕಂದ ಹಿಗ್ಗಿದ.

ಅಕೌಂಟ್ಸಿನ ನಿವೇದಿತಾ ಮೂಗು ತೂರಿಸಿದಳು. “ಸಾರಿಗೆ ಹಾಕೋ ನೀರು ಫ್ರೀ, ಸ್ಕಂದ. ತೆಳು ಎಣ್ಣೆ ನಮ್ಮದಕ್ಕಿಂತ ಕಾಸ್ಟ್ಲಿ. ಮೇಲಾಗಿ ಬಾವಿ ಇರೋ ದೇಶದ ಸರ್ಕಾರ ಈ ವರ್ಷ ರಫ್ತಿಗೆ ಪರ್ಮಿಷನ್ ಕೊಟ್ಟಿರೋದು ಒಂದೇ ಹಡಗಿಗೆ. ಅದರಲ್ಲಿ ಅರ್ಧ ಬೇರೆಯವರ ಎಣ್ಣೆ ತುಂಬಿದ್ರೆ ನಮ್ಮದೆಲ್ಲಿ ಹೋಗುತ್ತೆ?”

“ಅಲ್ಲಿನ ಬಂದರಿನ ಟ್ಯಾಂಕಲ್ಲೇ ಇರುತ್ತೆ. ಹಳಸುತ್ತಾ?”

ಬಂದರಿಗೆ ಫೋನು ಹೋಯಿತು. ಅಲ್ಲಿಯವರು “ಇನ್ನೂ ಗಟ್ಟಿ” ಎಂದಾಗಲೆಲ್ಲ ಸ್ಕಂದ “ತೆಳುವಿನದು ಇನ್ನಷ್ಟು ಸುರೀರಿ” ಎಂದ. ಮಧ್ಯಾಹ್ನ ಲ್ಯಾಬ್ ವರದಿ ನೋಡಿ ಅಂತೋನಿ ಸಿಳ್ಳೆ ಹೊಡೆದ. “ಮದುವೆಮನೆ ಕೊನೇ ಪಂಕ್ತಿಯ ಸಾರಿನ ಹಾಗೆ ಉಂಟಲ್ಲ!” ಅಷ್ಟರಲ್ಲಿ ಹಡಗು ಹೊರಟೇಬಿಟ್ಟಿತ್ತು.

ಸಂಜೆ ಬಾಸ್ ಬಿರ್ಗಿತ್ತಾ ಜೊತೆ ಗಿರಾಕಿ ಲೆನ್ನಾರ್ಟ್ ಬಂದ. ವರದಿ ಓದಿದ. ಮುಖದಲ್ಲಿ ಏನೂ ಇಲ್ಲ. ಲಾಟರಿ ಹೊಡೆದರೂ ಅವನ ಮುಖ ಅಷ್ಟೇ.

“ತುಂಬ ಒಳ್ಳೆ ಎಣ್ಣೆ,” ಎಂದ. ಸ್ಕಂದನಿಗೆ ಅರ್ಧ ಜೀವ ಬಂತು. “ಆದರೆ ನಮ್ಮದು ರಸ್ತೆಗೆ ಡಾಂಬರು ಮಾಡೋ ಕಾರ್ಖಾನೆ. ನಮಗೆ ಗಟ್ಟಿಯದೇ ಬೇಕು. ಅದಕ್ಕೆ ಎಷ್ಟಾದರೂ ಕೊಡೋಕೆ ತಯಾರಿದ್ವಿ.”

“ಮೊದಲೇ ಹೇಳಬಾರದಿತ್ತಾ?”

“ನೀವು ಕೇಳಲಿಲ್ಲ.”

“ಗಟ್ಟಿಯದು ಟ್ಯಾಂಕಲ್ಲಿ ಬೇಕಾದಷ್ಟಿದೆ ಸರ್! ನಾಳೆನೇ ಕಳಿಸ್ತೀನಿ!”

ಬಾಗಿಲಲ್ಲಿ ನಿವೇದಿತಾ ಕೆಮ್ಮಿದಳು. “ಪರ್ಮಿಷನ್ ಆ ಹಡಗಿನ ಜೊತೆನೇ ಹೋಯ್ತು.”

ಲೆನ್ನಾರ್ಟ್ ಕೋಟು ಹಾಕಿಕೊಂಡು ಹೊರಟ. ಸ್ಕಂದ ಬಿರ್ಗಿತ್ತಾಳ ಮುಖ ನೋಡಿದ. “ನನ್ನ ತೆಗೀತೀರಾ?”

“ಛೆ, ಇಲ್ಲ. ಆ ಟ್ಯಾಂಕು ಖಾಲಿ ಆಗೋವರೆಗೂ ನಿಮ್ಮ ಪ್ರೊಬೇಷನ್ ಮುಂದುವರಿಸ್ತೀನಿ. ಖಾಲಿ ಆದ ದಿನವೇ ಖಾಯಂ.”

ಸ್ಕಂದ ಉಸಿರು ಬಿಡುವಷ್ಟರಲ್ಲಿ ಬಂದರಿನಿಂದ ಫೋನು ಬಂತು.

“ಕೊಳ್ಳೋರಿಲ್ಲದೆ ಮುಂದೆ ಹೋಗಲ್ಲ ಅಂತ ಕ್ಯಾಪ್ಟನ್ ಹಡಗು ವಾಪಸ್ ತಿರುಗಿಸಿದಾನೆ. ನಮ್ಮ ಹತ್ರ ಇರೋದು ಒಂದೇ ಟ್ಯಾಂಕು. ಅದರಲ್ಲಿರೋ ಗಟ್ಟಿ ಎಣ್ಣೆಗೇ ಇದನ್ನೂ ಸುರಿದುಬಿಡಲಾ ಸ್ಕಂದ?”