ಓಬಳೇಶನ ಬಾಟಲಿ

ತನಿಖೆಯ ಗುಟ್ಟನ್ನು ಯಾರಿಗೂ ಬಿಟ್ಟುಕೊಡಬಾರದು ಎಂದು ಓಬಳೇಶನಿಗೆ ಯಾವ ಪುಣ್ಯಾತ್ಮ ಹೇಳಿಕೊಟ್ಟನೋ, ಅವತ್ತಿನ ಎಡವಟ್ಟಿಗೆಲ್ಲ ಅದೇ ಮೂಲ.

ಅವನು ಚಳ್ಳಕೆರೆಯ ಸಮುದಾಯ ರೇಡಿಯೋದ ವರದಿಗಾರ. ಮೊಳಕಾಲ್ಮೂರಿನ ಆಚೆ ಗಡಿಹಳ್ಳಿಯೊಂದರಲ್ಲಿ ಶುದ್ಧ ನೀರಿನ ಘಟಕದ ಫಿಲ್ಟರ್ ಕೆಟ್ಟು ವರ್ಷವಾಗಿದೆ, ಕಾಯಿನ್ ಹಾಕಿದರೆ ಬರುವುದು ಬರೀ ಬೋರ್‌ವೆಲ್ ನೀರು, ಕುಡಿದ ಮಕ್ಕಳ ಹಲ್ಲೆಲ್ಲ ಕಂದುಗಟ್ಟಿವೆ ಎಂದು ಅವನ ಕಿವಿಗೆ ಬಿದ್ದಿತ್ತು. ಕೇಳಿದಾಗಿನಿಂದ ಅವನಿಗೆ ಸಿಟ್ಟು ತಡೆಯುತ್ತಿರಲಿಲ್ಲ.

"ಸಿಟ್ಟು ಸರಿ, ಪುರಾವೆ ಎಲ್ಲಪ್ಪಾ?" ಎಂದರು ನಿಲಯದ ಮುಖ್ಯಸ್ಥೆ ಕಾಂಚನಾ. "ನೀರು ತಗೊಂಡ್ ಬಾ, ಸಂಜೆ ಲೈವ್‌ನಲ್ಲೇ ಪರೀಕ್ಷೆ ಮಾಡು. ಔಷಧಿ ಹಾಕಿದ ಮೇಲೆ ಹಳದಿಯಾದ್ರೆ ಫ್ಲೋರೈಡ್ ಜಾಸ್ತಿ, ಗುಲಾಬಿ ಬಣ್ಣ ಉಳಿದ್ರೆ ಒಳ್ಳೇ ನೀರು. ಈ ಸಲಾನೂ ಪುರಾವೆ ಸಿಗಲಿಲ್ಲ ಅಂದ್ರೆ ನಿನ್ನ ಕಾರ್ಯಕ್ರಮ ಬಂದ್. ಬೆಳಿಗ್ಗೆ ಶೇಂಗಾ ರೇಟು ಓದ್ಕೊಂಡಿರು."

"ತರದೇ ಇದ್ರೆ ನಾನು ಓಬಳೇಶನೇ ಅಲ್ಲ ಮೇಡಂ!"

ಊರಲ್ಲಿ ಯಾರೂ ಮೈಕಿನ ಮುಂದೆ ಬಾಯಿ ಬಿಡಲಿಲ್ಲ. ಘಟಕ ನೋಡಿಕೊಳ್ಳುವ ದುರುಗಣ್ಣ ಎಲ್ಲರಿಗೂ ಒಂದಲ್ಲ ಒಂದು ಕಡೆಯಿಂದ ನೆಂಟ. ಹೋದ ಮನೆಯಲ್ಲೆಲ್ಲ "ಮೊದ್ಲು ನೀರು ಕುಡಿಯಪ್ಪಾ" ಎಂದು ಚೊಂಬು ಮುಂದಿಡುತ್ತಿದ್ದರು. ಬೇಡವೆಂದರೆ ಅವಮಾನ. ಯಾವ ನೀರಿನ ಮೇಲೆ ಯುದ್ಧ ಸಾರಲು ಬಂದಿದ್ದನೋ ಅದನ್ನೇ ಹೊಟ್ಟೆ ತುಂಬ ಕುಡಿದ.

ಕೊನೆಗೆ ಸಿಕ್ಕಿದ್ದು ಮಂಡಿನೋವಿನ ಸೂರಮ್ಮನ ಮನೆ. ಅಲ್ಲಿ ಕೊಟ್ಟ ನೀರು ಮಾತ್ರ ಯಾಕೋ ಸಿಹಿಯಾಗಿತ್ತು.

"ಬಾಟ್ಲಿ ಹಿಡ್ಕಂಡ್ ಬಂದೋರ್ನ ದುರುಗಣ್ಣ ಓಡಿಸ್ತಾನೆ, ಹುಷಾರು ನಾಯ್ನಾ" ಎಂದಳು ಮುದುಕಿ, ಅವನ ಕೈಯಲ್ಲಿದ್ದ ಖಾಲಿ ಬಾಟಲಿ ನೋಡಿ. "ನಿಂಗೆ ಮದ್ವೆ ಆಗೈತಾ?"

"ಇಲ್ಲವ್ವಾ. ನಿಮ್ಮ ಕ್ಯಾನ್ ಕೊಡ್ರಿ, ನಾನೇ ತುಂಬ್ಕೊಂಡ್ ಬರ್ತೀನಿ" ಎಂದ ಓಬಳೇಶ. ಯಾಕೆಂದು ಹೇಳಲಿಲ್ಲ. ತನಿಖೆಯ ಗುಟ್ಟಲ್ಲವೇ!

ತಲೆಗೆ ಟವೆಲ್ ಸುತ್ತಿಕೊಂಡು ಹೆಂಗಸರ ಸಾಲಲ್ಲಿ ನಿಂತ.

"ಯಾರೇ ಇವ್ನು, ಸೂರಮ್ಮನ ಕ್ಯಾನ್ ಹಿಡ್ಕಂಡವ್ನೆ?"

"ಇನ್ಯಾರು? ಆಕೆ ಮಗಳು ಶಶಿರೇಖಾನ ನೋಡಾಕೆ ಬಂದಿರೋ ಗಂಡಿರ್ಬೇಕು!"

ಸಾಲು ಮುಂದೆ ಸರಿಯುವ ಮುಂಚೆಯೇ ಸುದ್ದಿ ದುರುಗಣ್ಣನನ್ನು ತಲುಪಿತು. ಅವನು ಓಡಿಬಂದ. "ಎಲ್ಲಾದ್ರೂ ಉಂಟಾ! ನಮ್ಮೂರಿಗೆ ಅಳಿಯ ಆಗೋರು ನೀರು ಹೊರೋದಾ?" ಎಂದು ತಾನೇ ಕ್ಯಾನ್ ತುಂಬಿಸಿ, ಹೆಗಲ ಮೇಲಿಟ್ಟುಕೊಂಡು ಸೂರಮ್ಮನ ಮನೆತನಕ ತಂದುಕೊಟ್ಟ. ಓಬಳೇಶ ಟವೆಲ್ಲಿನೊಳಗೆ ನಗು ತಡೆದುಕೊಂಡ. ಕಳ್ಳನೇ ಬಂದು ಪುರಾವೆ ಕೊಟ್ಟು ಹೋದಂತಾಗಿತ್ತು.

ಬಾಟಲಿಗೆ ನೀರು ತುಂಬಿ ಜಗಲಿ ಮೇಲಿಟ್ಟು, ಸೂರಮ್ಮನ ಬಲವಂತಕ್ಕೆ ಮುದ್ದೆ ಉಂಡ. ಹೊರಡುವಾಗ ಅವಳೇ ಬಾಟಲಿ ತಂದು ಕೈಗಿಟ್ಟಳು. ಬಸ್ಸಿನಲ್ಲಿ ಅದನ್ನು ಕೂಸಿನಂತೆ ಅವುಚಿಕೊಂಡು ಕೂತ.

ಸಂಜೆ ಲೈವ್. "ಕೇಳುಗರೇ, ಇದು ಆ ಘಟಕದ್ದೇ ನೀರು. ಈಗ ನಿಜ ಹೊರಬೀಳುತ್ತೆ!" ಎಂದು ಔಷಧಿ ಬಿಟ್ಟ. ಗುಲಾಬಿ. ಅಲುಗಾಡಿಸಿದ. ಇನ್ನೂ ಚೆಂದದ ಗುಲಾಬಿ. ಕಾಂಚನಾ ಹಣೆ ಒತ್ತಿಕೊಂಡರು. ಬಾಯಿಬಿಟ್ಟು ಬಣ್ಣ ಹೇಳಲೇಬೇಕಾಯಿತು.

ದನಿ ಗುರುತು ಹಿಡಿದು ಕೂಡಲೇ ನಿಲಯಕ್ಕೆ ದುರುಗಣ್ಣನ ಫೋನು. "ಅಳಿಯಂದ್ರೇ, ನಮ್ಮೂರ ನೀರಿಗೆ ರೇಡಿಯೋದಾಗೆ ಸರ್ಟಿಫಿಕೇಟ್ ಕೊಟ್ರಲ್ಲ, ನಿಮ್ಮ ಹೊಟ್ಟೆ ತಣ್ಣಗಿರ್ಲಿ!"

ಕಾರ್ಯಕ್ರಮ ಮುಗಿದ ಮೇಲೆ ಸೂರಮ್ಮನ ಫೋನು ಬಂತು.

"ಅದು ನಮ್ಮನೆ ಮಳೆನೀರು ನಾಯ್ನಾ, ನೆಂಟ್ರಿಗೇಂತ ಹಿಡಿದಿಟ್ಟಿದ್ದು. ನಿನ್ನ ಬಾಟ್ಲಿ ಚೆಲ್ಲಿ ಅದನ್ನೇ ತುಂಬಿಸ್ದೆ. ಊರೆಲ್ಲ ಅಳಿಯ ಅಂದ್ಮೇಲೆ ಆ ದರಿದ್ರ ನೀರು ಕೊಟ್ಟು ಕಳಿಸ್ಲಾ? ಪರೀಕ್ಷೆಗೆ ಅಂತ ಒಂದ್ ಮಾತು ಹೇಳಬಾರ್ದಾಗಿತ್ತಾ? ಈಗ ನೋಡು, ನಿನ್ನ ಮಾತು ಕೇಳಿ ಕೂಸುಮಕ್ಕಳಿಗೂ ಆ ಘಟಕದ ನೀರೇ ಹಿಡೀತಾವ್ರೆ."

ಕಾಂಚನಾ ಆಗಲೇ ಶೇಂಗಾ ರೇಟಿನ ಹಾಳೆ ಮುಂದಿಟ್ಟಿದ್ದರು. ಓಬಳೇಶ ಹಲ್ಲು ಕಚ್ಚಿ ಹೇಳಿದ: "ಬೆಳಿಗ್ಗೆ ರೇಟು ಓದಿ ಸೀದಾ ಬಸ್ ಹತ್ತುತೀನವ್ವಾ. ಈ ಸಲ ಪುರಾವೆ ಬಿಡಲ್ಲ. ಬಾಟ್ಲಿ ಮಾತ್ರ ಮುಟ್ಟಬೇಡ್ರಿ!"

"ಮುಟ್ಟಲ್ಲ, ಬಾ. ಆದ್ರೆ ದುರುಗಣ್ಣ ಊರ ಹಿರೇರ್ನೆಲ್ಲ ಕರ್ಕಂಡು ನಮ್ಮ ಜಗಲಿ ಮ್ಯಾಲೆ ಕುಂತವ್ನೆ. ನಾಳೆ ನೀನು ಬಂದ್ರೆ ತಾಂಬೂಲ ಬದಲಾಯಿಸ್ಕಂಡೇ ಹೋಗ್ಬೇಕಂತೆ."