ಸೋಮಶೇಖರಪ್ಪನವರ ದುಡ್ಡು ಗೇಟಿನಲ್ಲಿ ನಿಂತದ್ದು

"ಈ ಶುಕ್ರವಾರ ಕಳೆಯೋದ್ರೊಳಗೆ ಆ ಬಾಗಿಲು ತೆಗೆಸ್ಲಿಲ್ಲ ಅಂದ್ರೆ ನನ್ನ ಹೆಸರು ಸೋಮಶೇಖರಪ್ಪನೇ ಅಲ್ಲ!"

ಹೀಗೆಂದು ಗುಡುಗಿದವರು ಚಳ್ಳಕೆರೆಯ ಶೇಂಗಾ ವ್ಯಾಪಾರಿ ಸೋಮಶೇಖರಪ್ಪನವರು. ಗುಡುಗಿದ್ದು ಎಣ್ಣೆ ಮಿಲ್ಲಿನ ಮುಂದೆಯೂ ಅಲ್ಲ, ವರ್ತಕರ ಸಭೆಯಲ್ಲಿಯೂ ಅಲ್ಲ. ತಮ್ಮ ನಡುಮನೆಯಲ್ಲಿ, ಕಂಪ್ಯೂಟರಿನ ಮುಂದೆ! ಕೇಳಿಸಿಕೊಂಡವರು ಹೆಂಡತಿ ಕೊಟ್ರಮ್ಮನವರು ಒಬ್ಬರೇ. ಅವರು ಪಕ್ಕದಲ್ಲೇ ಕುಳಿತು ಮೊರದಲ್ಲಿ ತೊಗರಿಬೇಳೆ ಆರಿಸುತ್ತಿದ್ದರು.

"ಹೆಸರು ಬದಲಾದ್ರೆ ರೇಷನ್ ಕಾರ್ಡ್ ಬದಲಾಯಿಸೋಕೆ ನಾನೇ ತಾಲ್ಲೂಕಾಫೀಸಿಗೆ ಅಲೀಬೇಕು ಕಣ್ರಿ. ಸುಮ್ನೆ ಯಾಕೆ ಇಲ್ಲದ ಶಪಥ?" ಎಂದರು ಕೊಟ್ರಮ್ಮ.

ಇದು ಎರಡು ಸಾವಿರದ ಒಂಬತ್ತರ ಮಾತು. ಮಂಡಿಯ ಲೆಕ್ಕ ಬರೆಯಲಿಕ್ಕೆಂದು ಆಡಿಟರು ಹಿಂಸೆ ಮಾಡಿ ಕೊಡಿಸಿದ ಕಂಪ್ಯೂಟರು ಮನೆಗೆ ಬಂದು ಆರು ತಿಂಗಳಾಗಿತ್ತು. ಲೆಕ್ಕ ಮಾತ್ರ ಅದರೊಳಗೆ ಇನ್ನೂ ಕಾಲಿಟ್ಟಿರಲಿಲ್ಲ. ಬದಲಿಗೆ, ಮಾರಿದವನು ಪುಕ್ಕಟೆಯಾಗಿ ಕೊಟ್ಟ ಒಂದು ಸಿ.ಡಿ.ಯಲ್ಲಿದ್ದ ಆಟ ಸಾಹುಕಾರರನ್ನು ಹಿಡಿದುಕೊಂಡಿತ್ತು. ಒಂದು ಪಾಳು ಅರಮನೆ. ಕೋಣೆಯಿಂದ ಕೋಣೆಗೆ ಹೋಗಬೇಕು, ಅಡಗಿಸಿಟ್ಟ ಕೀಲಿ ಹುಡುಕಬೇಕು. ಐವತ್ತೆರಡು ವರ್ಷದ ಸೋಮಶೇಖರಪ್ಪನವರು ಕನ್ನಡಕ ಒರೆಸಿಕೊಂಡು, ಬಾಯಿ ತೆರೆದುಕೊಂಡು, ಹುಡುಕಿಯೇ ಹುಡುಕಿದರು. ಕೊನೆಗೆ ಒಂದು ದೊಡ್ಡ ಬಾಗಿಲು ಬಂತು. ಮುಂದೆ ನಿಂತರೆ, ಒಳಗಿನಿಂದ ಯಾರೋ ತಟ್ಟುವ ಸದ್ದು! ಟಕ್, ಟಕ್, ಟಕ್. ಸಾಹುಕಾರರು ಚಿಲಕಕ್ಕೆ ಕೈ ಹಾಕಿದರು. ಅಷ್ಟರಲ್ಲಿ ಪರದೆಯ ಮೇಲೆ ಒಂದು ಚೌಕ ಎದ್ದು ನಿಂತಿತು. ಪುಕ್ಕಟೆ ಆಟ ಮುಗಿಯಿತು, ಮುಂದೆ ಆಡಬೇಕಾದರೆ ದುಡ್ಡು ಕಟ್ಟಿ!

ಅಲ್ಲಿಂದ ಶುರುವಾಯಿತು ನೋಡಿ ಸಂಕಟ. ಒಳಗೆ ಯಾರು? ಕೈದಿಯೇ? ರಾಜಕುಮಾರಿಯೇ? ದೆವ್ವವೇ? ದೆವ್ವವಾದರೆ ಬಾಗಿಲು ತಟ್ಟುವಷ್ಟು ಮರ್ಯಾದೆ ಅದಕ್ಕೆಲ್ಲಿಂದ ಬಂತು? ಮಂಡಿಯಲ್ಲಿ ತೂಕ ನೋಡುವಾಗಲೂ ಅವರಿಗೆ ಟಕ್ ಟಕ್ ಕೇಳಿಸುತ್ತಿತ್ತು. ಹಮಾಲರು ಮೂಟೆ ಇಳಿಸಿ "ಸಾಹುಕಾರ್ರೇ, ಬರ್ಕೊಳ್ರಿ" ಎಂದರೆ, "ಯಾರಿರಬಹುದು?" ಎನ್ನುತ್ತಿದ್ದರು. ಕೊಟ್ರಮ್ಮನವರಿಗೂ ಕುತೂಹಲವಿತ್ತು. ಆದರೆ ಅವರು ಅದನ್ನು ಬೇಳೆಯ ಜೊತೆ ಬೆರೆಸಿಟ್ಟುಕೊಂಡಿದ್ದರು.

"ಹೆಂಗಸೇ ಇರ್ಬೇಕು. ಗಂಡಸಾಗಿದ್ರೆ ಇಷ್ಟೊತ್ತಿಗೆ ಬಾಗಿಲು ಒದೀತಿದ್ದ" ಎಂಬುದು ಅವರ ಅಭಿಪ್ರಾಯ.

ಅಂತೂ ಶುಕ್ರವಾರ ಬಂತು. ಹಗಲೆಲ್ಲ ಕರೆಂಟಿಲ್ಲ. ಸಂಜೆ ಬಂದಾಗ ಸೋಮಶೇಖರಪ್ಪನವರು ಮಂಡಿಯಿಂದ ಓಡೋಡಿ ಬಂದು ಕಂಪ್ಯೂಟರಿನ ಮುಂದೆ ಕುಳಿತರು. ಬ್ಯಾಂಕಿನ ಗುಮಾಸ್ತ ನಾಗಭೂಷಣ ಹೇಳಿಕೊಟ್ಟಂತೆ ಖಾತೆಯ ನಂಬರು ಕುಟ್ಟಿದರು, ಗುಟ್ಟಿನ ಪದ ಕುಟ್ಟಿದರು, ಕೊಟ್ರಮ್ಮನ ಹತ್ತಿರವಿರುವ ಮನೆಯ ಮೊಬೈಲಿನ ನಂಬರೂ ಕುಟ್ಟಿದರು. ಉಸಿರು ಬಿಗಿಹಿಡಿದು ಕೊನೆಯ ಗುಂಡಿ ಒತ್ತಿದರು. ಪರದೆಯ ಮೇಲೆ ಒಂದು ಚಕ್ರ ತಿರುಗತೊಡಗಿತು. ಕೆಳಗೆ ಇಂಗ್ಲಿಷಿನಲ್ಲಿ ಎಚ್ಚರಿಕೆ: ಕಾಯಿರಿ, ಹಿಂದೆ ಹೋಗಬೇಡಿ, ಮುಚ್ಚಬೇಡಿ.

ಸರಿಯಾಗಿ ಆಗಲೇ ದೇವರ ಕೋಣೆಯಿಂದ ಗಂಟೆ ಕೇಳಿಸಿತು. ಕೊಟ್ರಮ್ಮ ದೀಪ ಹಚ್ಚಿದ್ದರು!

ಇಲ್ಲಿ ಒಂದು ವಿಷಯ ಹೇಳಲೇಬೇಕು. ಶುಕ್ರವಾರ ದೀಪ ಹಚ್ಚಿದ ಮೇಲೆ ಲಕ್ಷ್ಮಿಯನ್ನು ಹೊರಗೆ ಕಳಿಸುವ ಪದ್ಧತಿ ಸೋಮಶೇಖರಪ್ಪನವರ ವಂಶದಲ್ಲೇ ಇಲ್ಲ. ಅವರ ಅಪ್ಪನಂತೂ ದೀಪದ ಹೊತ್ತಿಗೆ ಗಲ್ಲಾಪೆಟ್ಟಿಗೆಗೆ ಬೀಗ ಹಾಕಿ ಅದರ ಮೇಲೆಯೇ ಕುಳಿತುಬಿಡುತ್ತಿದ್ದರು. ಮಗನೂ ಹಾಗೆಯೇ. ಬಾಗಿಲಲ್ಲಿ ಯಾರೇ ನಿಂತಿರಲಿ, "ದೀಪ ಹಚ್ಚೀವಿ, ಬೆಳಿಗ್ಗೆ ಬಾರಪ್ಪ" ಎಂಬ ಒಂದೇ ಮಾತು. ಅಂಥವರ ಕಣ್ಣೆದುರಿಗೇ, ಶುಕ್ರವಾರ, ಗಂಟೆಯ ಸದ್ದಿನ ಜೊತೆಗೇ, ಲಕ್ಷ್ಮಿ ತಂತಿಯೊಳಗೆ ಇಳಿದು ಹೊರಟಿದ್ದಾಳೆ! ಸಾಹುಕಾರರಿಗೆ ಬುದ್ಧಿ ಓಡಲಿಲ್ಲ, ಕೈ ಓಡಿತು. ಗೋಡೆಗೆ ಹಾರಿ ಪ್ಲಗ್ಗನ್ನೇ ಕಿತ್ತರು!

"ತಡೆದೆ! ಅರ್ಧ ದಾರೀಲೇ ತಡೆದೆ!" ಎಂದು ಪ್ಲಗ್ಗನ್ನು ಎತ್ತಿ ಹಿಡಿದು ನಿಂತರು.

ಮರುದಿನ ಬೆಳಿಗ್ಗೆ ಬ್ಯಾಂಕಿನಲ್ಲಿ ವಿಚಾರಿಸಿಕೊಂಡು ಬಂದ ಗಂಡನ ಮುಖ ನೋಡಿ ಕೊಟ್ರಮ್ಮ ಕೇಳಿದರು: "ದುಡ್ಡು ಖಾತೇಲಿ ಐತಾ?"

"ಇಲ್ಲ. ಹೋಗೈತೆ."

"ಹಂಗಾದ್ರೆ ಆಟದ ಅಂಗಡಿಯೋರಿಗೆ ಮುಟ್ತಾ?"

"ಇಲ್ಲ. ಮುಟ್ಟಿಲ್ಲ."

"ಇಲ್ಲೂ ಇಲ್ಲ, ಅಲ್ಲೂ ಇಲ್ಲ. ಮತ್ತೆ ಎಲ್ಲೈತ್ರೀ?"

ಸೋಮಶೇಖರಪ್ಪನವರೂ ಯೋಚನೆಗೆ ಬಿದ್ದರು. ಹೌದಲ್ಲ, ಎಲ್ಲಿದೆ? ಚಳ್ಳಕೆರೆಯಿಂದ ಹೊರಟ ಲಾರಿ ದಾವಣಗೆರೆ ಮುಟ್ಟಿಲ್ಲವೆಂದರೆ ಚಿತ್ರದುರ್ಗದ ಹತ್ತಿರ ಯಾವುದೋ ಡಾಬಾದಲ್ಲಿ ನಿಂತಿರುತ್ತದೆ, ಡ್ರೈವರು ಮಲಗಿರುತ್ತಾನೆ. ಇದು ಯಾವ ಡಾಬಾದಲ್ಲಿ ನಿಂತಿದೆ? ಬಂದ ಕಾಲಿನಲ್ಲೇ ಮತ್ತೆ ಬ್ಯಾಂಕಿಗೆ ಹೋದರು.

ನಾಗಭೂಷಣ ದೊಡ್ಡಉಳ್ಳಾರ್ತಿಯ ಹುಡುಗ, ತಾಳ್ಮೆಯವನು. "ಸಾಹುಕಾರ್ರೇ, ನಮ್ಮ ಬ್ಯಾಂಕಿಗೂ ಅಂಗಡಿಯೋರಿಗೂ ಮಧ್ಯ ಒಂದು ಗೇಟ್‌ವೇ ಅಂತ ಇರ್ತೈತೆ. ಅಲ್ಲಿ ನಿಂತಿರ್ತೈತೆ" ಎಂದ.

"ಗೇಟಾ? ಯಾವೂರಲ್ಲಿ?"

"ಊರಲ್ಲಿ ಇರೋಲ್ಲ ಸಾಹುಕಾರ್ರೇ."

"ಮತ್ತೆ ಊರಾಚೆ ದನ ಮೇಯೋ ಕಾವಲ್ನಲ್ಲಿ ಐತಾ? ಗೇಟ್ ಅಂದ್ಮೇಲೆ ಕಾಯೋನು ಒಬ್ಬ ಇರ್ಬೇಕಲ್ಲ? ಅವನ ಹೆಸರು ಹೇಳು, ನಾನ್ ಮಾತಾಡ್ತೀನಿ. ನಮ್ಮ ಮಾರ್ಕೆಟ್ಟಿನ ಗೇಟಿನೋರೆಲ್ಲ ನನ್ನ ಮಾತು ಕೇಳ್ತಾರೆ!"

ನಾಗಭೂಷಣ ಟೇಬಲ್ಲಿನ ಮೇಲಿದ್ದ ನೀರು ಕುಡಿದ. "ಏಳು ಕೆಲಸದ ದಿನ ಕಾಯ್ರಿ, ತಾನೇ ಸರಿಹೋಗ್ತೈತೆ. ಅಂಗಡಿಯೋರಿಗೂ ಒಂದು ಫೋನ್ ಮಾಡ್ರಿ" ಎಂದ.

ಮೊಳಕಾಲ್ಮುರಿನಲ್ಲಿ ರೇಷ್ಮೆ ಸೀರೆ ವ್ಯಾಪಾರ ಮಾಡುವ ಕೊಟ್ರಮ್ಮನ ತಮ್ಮ ಜಂಬುಲಿಂಗಪ್ಪನಿಗೂ ಸುದ್ದಿ ಮುಟ್ಟಿತು. ರಾಯದುರ್ಗದ ಕಡೆಯ ಗಿರಾಕಿಗಳ ಜೊತೆ ದಿನವಿಡೀ ತೆಲುಗಾಡಿ ಅವನ ಕನ್ನಡಕ್ಕೂ ಅದರ ಬಣ್ಣ ಹತ್ತಿತ್ತು. "ಪರವಾಲೇದು ಭಾವ! ನಮ್ಮ ಸರಕು ತಡೆದ್ರೆ ನಾವೇನ್ ಮಾಡ್ತೀವಿ? ಒಬ್ಬ ಮನುಷ್ಯನ್ನ ಕಳಿಸಿ ಅವರ ಜಗಲಿ ಮೇಲೆ ಕೂರಿಸ್ತೀವಿ. ನೀನೂ ಕೂರಿಸು" ಎಂದು ಫೋನಿನಲ್ಲಿ ಧೈರ್ಯ ಹೇಳಿದ. ಆ ಅಂಗಡಿಗೆ ಜಗಲಿಯೇ ಇಲ್ಲ ಎಂದು ಗೊತ್ತಾದ ಮೇಲೆ, ಜಗಲಿಯಿಲ್ಲದವರ ಜೊತೆ ವ್ಯವಹಾರಕ್ಕೆ ಯಾಕೆ ಇಳಿದೆ ಎಂದು ಬೈದು ಫೋನಿಟ್ಟ.

ಸೋಮವಾರ ಮಂಡಿಯಿಂದ ಅಂಗಡಿಯವರ ಸಹಾಯವಾಣಿಗೆ ಫೋನು ಹೋಯಿತು. ನಿಮ್ಮ ಕರೆ ನಮಗೆ ಬಹಳ ಮುಖ್ಯವೆಂದು ಒಬ್ಬ ಹುಡುಗಿ ಇಂಗ್ಲಿಷಿನಲ್ಲಿ ಹೇಳಿ, ಪಿಟೀಲು ಹಚ್ಚಿ ಹೋದಳು. ಸಾಹುಕಾರರು ರಿಸೀವರನ್ನು ಗಾದಿಯ ಮೇಲೆ ಮಲಗಿಸಿದರು. ಹಮಾಲರು ಪಿಟೀಲು ಕೇಳುತ್ತ ಒಂದು ಲೋಡು ಶೇಂಗಾ ಇಳಿಸಿದರು. ಕೊನೆಗೆ ಕನ್ನಡ ಬಲ್ಲ ಒಬ್ಬ ಮನುಷ್ಯ ಸಿಕ್ಕಿದ.

"ಸರ್, ಪೇಮೆಂಟ್ ಆಗ್ತಿರುವಾಗ ಕಂಪ್ಯೂಟರ್ ಯಾಕೆ ಬಂದ್ ಆಯ್ತು?"

"ದೀಪ ಹಚ್ಚಿದ್ರು."

"ಯಾವ ದೀಪ ಸರ್?"

"ದೇವರ ದೀಪ. ಶುಕ್ರವಾರ."

ಆ ಕಡೆ ಕೀಲಿಮಣೆ ಕುಟ್ಟುವ ಸದ್ದು. "ಸರ್, ನಮ್ಮ ಪಟ್ಟೀಲಿ ಆ ಕಾರಣ ಇಲ್ಲ. ಕರೆಂಟ್ ಹೋಯ್ತು ಅಂತ ಬರ್ಕೊಳ್ಳಲಾ?"

"ಸುಳ್ಳು ಯಾಕೆ ಬರೀತೀಯಪ್ಪ? ಕರೆಂಟ್ ಇತ್ತು! ನಾನೇ ಕಿತ್ತಿದ್ದು!" ಎಂದು ಸೋಮಶೇಖರಪ್ಪನವರು ಹೆಮ್ಮೆಯಿಂದಲೇ ಹೇಳಿದರು.

ಅಲ್ಲಿಂದ ಮುಂದೆ ಇದು ಆಟದ ಮಾತಾಗಿ ಉಳಿಯಲಿಲ್ಲ, ಮಾನದ ಮಾತಾಯಿತು. ದಿನಾ ಬೆಳಿಗ್ಗೆ ಬ್ಯಾಂಕು, ಮಧ್ಯಾಹ್ನ ಪಿಟೀಲು. ಬಾಗಿಲ ಸದ್ದು ಅವರ ಕಿವಿಯಿಂದ ಮಾಯವಾಗಿ, ಗೇಟಿನಲ್ಲಿ ನಿಂತ ದುಡ್ಡಿನ ಚಿತ್ರವೇ ಕಣ್ಣಿಗೆ ಕಟ್ಟಿತು. ಮರೆಯದವರು ಕೊಟ್ರಮ್ಮನವರೊಬ್ಬರೇ.

"ಪಾಪ ಕಣ್ರಿ, ಆ ಒಳಗಿರೋರು ಹಂಗೇ ತಟ್ತಾ ಇರ್ತಾರೆ. ಬೆಳಿಗ್ಗೆ ಹೊತ್ತು ಇನ್ನೊಂದ್ಸಾರಿ ದುಡ್ಡು ಕಟ್ಟಿಬಿಡ್ರಿ, ಯಾರು ಅಂತ ನೋಡೇಬಿಡೋಣ."

"ಮೊದಲನೇ ಲೋಡು ಎಲ್ಲೈತೆ ಅಂತ ಗೊತ್ತಾಗ್ದೆ ಎರಡನೇ ಲೋಡು ಕಳಿಸ್ಲಾ? ನಾನೇನು ನಿನ್ನೆ ಮೊನ್ನೆ ತಕ್ಕಡಿ ಹಿಡಿದೋನಾ? ನೀನು ಸುಮ್ನಿರು, ಇವರನ್ನ ನಾನು ಬಗ್ಗಿಸ್ತೀನಿ!"

ಬಗ್ಗಿಸಿಯೇ ಬಿಟ್ಟರು! ಮುಂದಿನ ಗುರುವಾರ ಮಧ್ಯಾಹ್ನ ನಾಗಭೂಷಣ ಅವರನ್ನು ಒಳಗೆ ಕೂರಿಸಿ ಕಾಫಿ ತರಿಸಿದ. "ಸಾಹುಕಾರ್ರೇ, ದೊಡ್ಡ ಆಫೀಸಿಂದ ಕೇಳ್ತಾ ಅವ್ರೆ. ದುಡ್ಡು ಮುಂದಕ್ಕೆ ಕಳಿಸಿದ್ರೆ ಇವತ್ತೇ ಅಂಗಡಿಯೋರಿಗೆ ಹೋಗ್ತೈತೆ. ಹಿಂದಕ್ಕೆ ಎಳೆದ್ರೆ ಇವತ್ತೇ ನಿಮ್ಮ ಖಾತೆಗೆ. ಯಾವ್ದು ಮಾಡ್ಲಿ?"

ಒಂದು ಕ್ಷಣ ಆ ಬಾಗಿಲು ಸಾಹುಕಾರರ ಕಣ್ಣ ಮುಂದೆ ಸುಳಿಯಿತು. ಆದರೆ ಸುತ್ತ ಕೌಂಟರಿನಲ್ಲಿದ್ದವರೆಲ್ಲ ಕತ್ತು ಉದ್ದ ಮಾಡಿ ಇವರನ್ನೇ ನೋಡುತ್ತಿದ್ದರು. ಇಷ್ಟು ದಿನ ಸತಾಯಿಸಿದವರಿಗೆ ದುಡ್ಡು ಕೊಟ್ಟು ಸೋಲುವುದೇ?

"ಎಳಿ ಹಿಂದಕ್ಕೆ!" ಎಂದರು ಮೀಸೆಯ ಮೇಲೆ ಕೈಯಾಡಿಸಿ.

ನಾಗಭೂಷಣ ಎಳೆದ. ಸೋಮಶೇಖರಪ್ಪನವರು ಬ್ಯಾಂಕಿಗೆಲ್ಲ ಪೇಡ ಹಂಚಿದರು, ಮಂಡಿಯಲ್ಲಿ ಹಂಚಿದರು, ಉಳಿದ ಪೊಟ್ಟಣ ಹಿಡಿದು ಮನೆಗೆ ಬಂದರು. ಹೊಸ್ತಿಲಲ್ಲೇ ಕೂಗಿದರು: "ಗೆದ್ದೆ ಕಣೇ! ವಾಪಸ್ ಬಂತು!"

ಕೊಟ್ರಮ್ಮನವರು ಕಂಪ್ಯೂಟರಿನ ಮುಂದೆ ಕುಳಿತಿದ್ದರು. ಪಕ್ಕದಲ್ಲಿ ನೆರೆಮನೆಯ ಸಿದ್ದಕ್ಕ. ಇಬ್ಬರ ಮುಖವೂ ಬಾಡಿತ್ತು. ಪರದೆಯ ಮೇಲೆ ಒಂದು ಬಿಳಿಯ ಚೌಕ ನಿಂತಿತ್ತು.

"ಏನು ವಾಪಸ್ ಬಂತು?" ಎಂದರು ಕೊಟ್ರಮ್ಮ ಮೆಲ್ಲಗೆ.

"ದುಡ್ಡು! ಅವರ ಕೈಯಿಂದ ಕಿತ್ಕೊಂಡು ಬಂದೆ. ಯಾಕೆ, ಏನಾಯ್ತು?"

"ನೀವು ಅತ್ಲಾಗೆ ಬ್ಯಾಂಕಿಗೆ ಹೋದ್ರಿ. ಇತ್ಲಾಗೆ ಮೊಬೈಲಿಗೆ ಅಂಗಡಿಯೋರ ಮೆಸೇಜ್ ಬಂತು. ತಡ ಆಗಿದ್ದಕ್ಕೆ ಬೇಜಾರು ಮಾಡ್ಕೊಬ್ಯಾಡಿ, ದುಡ್ಡು ನಿಧಾನಕ್ಕೆ ಬರ್ಲಿ, ನೀವು ಆಟ ಆಡ್ಕೊಳ್ಳಿ ಅಂತ ಕೀಲಿ ನಂಬರ್ ಕಳಿಸಿದ್ರು. ಒಳ್ಳೆ ಜನ ಕಣ್ರಿ. ನಾನೇ ಅದನ್ನ ಕುಟ್ಟಿದೆ."

ಸೋಮಶೇಖರಪ್ಪನವರ ಕೈಯಲ್ಲಿದ್ದ ಪೇಡದ ಪೊಟ್ಟಣ ವಾಲಿತು. "ಬಾಗಿಲು... ತೆಗೀತಾ?"

"ತೆಗೀತು. ಈಗ ಈ ಚೌಕ ಬಂದು ಕೂತೈತೆ. ದುಡ್ಡು ಹಿಂದಕ್ಕೆ ತಗೊಂಡಿದ್ದಕ್ಕೆ ಕೀಲಿ ರದ್ದಂತೆ. ತಕರಾರು ಮಾಡಿದ ಖಾತೆಗೆ ಇನ್ಮೇಲೆ ಏನೂ ಮಾರೋಲ್ಲ ಅಂತಾನೂ ಬರ್ದವ್ರೆ."

ಮೂವತ್ತು ವರ್ಷದ ವ್ಯಾಪಾರದಲ್ಲಿ ಯಾವ ಪಾರ್ಟಿಯಿಂದಲೂ 'ತಕರಾರಿನವನು' ಎನ್ನಿಸಿಕೊಳ್ಳದ ಸೋಮಶೇಖರಪ್ಪನವರು ಅಲ್ಲೇ ಇದ್ದ ಕುರ್ಚಿಯಲ್ಲಿ ಕುಸಿದರು. ಆದರೆ ಆ ಅವಮಾನ ನುಂಗುವ ಮೊದಲೇ ವಾರದಿಂದ ಸುಮ್ಮನಿದ್ದ ಸದ್ದು ಕಿವಿಯೊಳಗೆ ಮತ್ತೆ ಎದ್ದಿತು. ಟಕ್, ಟಕ್, ಟಕ್. ಮೀಸೆ, ಮಾನ, ಮಂಡಿ ಎಲ್ಲವನ್ನೂ ಬದಿಗಿಟ್ಟು ಹೆಂಡತಿಯ ಕಡೆ ಬಾಗಿದರು.

"ಆಗಿದ್ದಾಯ್ತು ಬಿಡು. ಒಳಗೆ ಯಾರಿದ್ರು, ಅದನ್ನಾದ್ರೂ ಹೇಳೇ!"

"ಮೊದಲು ಕತ್ತಲೆ ಇತ್ತು ಕಣ್ರಿ," ಎಂದರು ಕೊಟ್ರಮ್ಮ. "ಸಿದ್ದಕ್ಕ ಮೂಲೇಲಿ ಲಾಂದ್ರ ಐತೆ ಅಂತ ತೋರಿಸಿದ್ಲು. ಹಚ್ಚಿದ್ವಿ. ಒಬ್ಬಳು ಹೆಂಗಸು, ನಮಗೆ ಬೆನ್ನು ಮಾಡಿ ನಿಂತಿದ್ಲು. ತಟ್ಟೋದು ನಿಲ್ಲಿಸಿದ್ಲು."

"ಆಮೇಲೆ? ಆಮೇಲೆ?"

"ಆಮೇಲೆ ನಿಧಾನಕ್ಕೆ ಇತ್ಲಾಗೆ ತಿರುಗಿದ್ಲು. ಏನೋ ಹೇಳೋಕೆ ಬಾಯಿ ತೆಗೆದ್ಲು..."

"ಏನಂದ್ಲೇ!"

"ಅಷ್ಟೊತ್ತಿಗೆ ನೀವು ಗೆದ್ದುಬಿಟ್ರಿ."