ಅಗ್ಗದ ಡಬ್ಬಿಯೊಳಗಿನ ಜಾಝ್

ನಮ್ಮ ಸೋದರಮಾವನಿಗೆ ತಲೆ ಕೆಟ್ಟಿದೆ ಎಂದು ಮೊದಲು ಸಾರಿದವನು ನಾನೇ. ಈಗ ದಢೇಸುಗೂರಿನಿಂದ ಸಿಂಧನೂರಿನ ತನಕ ಎಲ್ಲರೂ ಅದನ್ನೇ ಹೇಳುತ್ತಾರೆ, ಆದರೆ ಆ ಹಿರಿಮೆ ನ್ಯಾಯವಾಗಿ ನನಗೆ ಸಲ್ಲಬೇಕು. ಸುಟ್ಟುಹೋದ ಪಂಪ್‌ಸೆಟ್ ಮೋಟಾರುಗಳಿಗೆ ಹೊಸ ತಂತಿ ಸುತ್ತಿ ಜೀವ ಕೊಡುವುದು ಅವನ ಕಸುಬು. ದಢೇಸುಗೂರಿನ ಮನೆಯ ಮುಂಗಟ್ಟೆಯೇ ಅಂಗಡಿ. ಮದುವೆಯ ದಿನಗಳಲ್ಲಿ ಆರ್ಕೆಸ್ಟ್ರಾ ಸೇರಿ ಗಿಟಾರ್ ಬಾರಿಸುವುದು ಚಟ. ಡಿಜೆಗಳು ಬಂದು ಆರ್ಕೆಸ್ಟ್ರಾಗಳ ಕತ್ತು ಹಿಸುಕಿದ ಮೇಲೆ ಗಿಟಾರು ಗೋಡೆಯ ಗೂಟ ಸೇರಿತು. ಅಲ್ಲೇ ಇದ್ದಿದ್ದರೆ ನನಗೆ ಇದನ್ನೆಲ್ಲ ಬರೆಯುವ ಗ್ರಹಚಾರ ಬರುತ್ತಿರಲಿಲ್ಲ!

ಒಂದು ದಿನ ಮೊಬೈಲಿನಲ್ಲಿ, ಕೋಟು ತೊಟ್ಟ ಮುದುಕನೊಬ್ಬ ಕಣ್ಣು ಮುಚ್ಚಿಕೊಂಡು ದಪ್ಪ ಹೊಟ್ಟೆಯ ಗಿಟಾರ್ ನುಡಿಸುವುದು ಮಾವನ ಕಣ್ಣಿಗೆ ಬಿತ್ತು. ಅಷ್ಟೇ, ಮನುಷ್ಯ ಮರುಳಾಗಿ ಹೋದ.

"ಇದಕ್ಕ ಜಾಝ್ ಅಂತಾರಲೇ ಅಳಿಯಾ. ಹಾಡು ಇವರಿಗೆ ಗೊತ್ತಿರ್ತೈತಿ, ಆದ್ರ ನೆಟ್ಟಗ ಹಾಡಂಗಿಲ್ಲ. ಅದರ ಸುತ್ತಮುತ್ತ ಅಡ್ಯಾಡ್ತಾರ."

"ಸಂತೆಕಲ್ಲೂರಿನ ಟಂಟಂ ಆಟೋ ಇದ್ದಂಗನು? ಅದೂ ಸುತ್ತಮುತ್ತ ಅಡ್ಯಾಡತೈತಿ, ನೆಟ್ಟಗ ಊರು ಮುಟ್ಟಂಗಿಲ್ಲ."

"ಮುಚ್ಚಲೇ ಬಾಯಿ! ದನಿ ಕೇಳು. ಚೂಪಿಲ್ಲ, ಚುಚ್ಚಂಗಿಲ್ಲ. ಬಿಸಿ ಅಂಬಲಿ ಗಂಟಲದಾಗ ಇಳದಂಗ ಐತಿ."

ಮುಂದಿನದನ್ನು ಹೇಳಲು ಮನಸ್ಸಿಲ್ಲ, ಆದರೆ ಹೇಳದಿದ್ದರೆ ಮಾವ ಬರೀ ಹುಚ್ಚನಾಗಿ ಉಳಿಯುತ್ತಾನೆ. ಅತ್ತೆಯ ಎರಡೂ ಕಿಡ್ನಿ ಕೆಟ್ಟಿದ್ದವು. ವಾರಕ್ಕೆ ಎರಡು ಸಲ ಆಸ್ಪತ್ರೆಗೆ ಹೋಗಿ ರಕ್ತ ತೊಳೆಸಿಕೊಂಡು ಬರುತ್ತಿದ್ದಳು. ಹೃದಯವೂ ಸೋತಿದೆ, ಇನ್ನು ಬಹಳ ದಿನ ಇಲ್ಲ ಎಂದು ಡಾಕ್ಟರು ಹೇಳಿದ್ದು ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು, ಅತ್ತೆಗೂ ಗೊತ್ತಿತ್ತು. ಮೈಯೆಲ್ಲ ತುರಿಕೆ, ಕಾಲಿನಲ್ಲಿ ಸೆಳೆತ. ತಿಂಗಳುಗಟ್ಟಲೆ ಅವಳು ನೆಟ್ಟಗೆ ನಿದ್ದೆ ಮಾಡಿರಲಿಲ್ಲ. ಇನ್ನೊಂದು ಕಾಯಿಲೆ ಅವಳಿಗೆ ಹುಟ್ಟಿನಿಂದಲೇ ಇತ್ತು, ಮುಲಾಜಿಲ್ಲದೆ ಮಾತಾಡುವುದು! ಬೀಗರ ಮನೆಯ ಪಂಕ್ತಿಯಲ್ಲಿ ಕೂತು "ಹೋಳಿಗಿ ಚಕ್ಕಳ ಆಗ್ಯಾವ" ಎಂದವಳು. ಮೂವತ್ತು ವರ್ಷದ ಸಂಸಾರದಲ್ಲಿ ಮಾವನ ಗಿಟಾರನ್ನು ಒಮ್ಮೆಯೂ ಹೊಗಳಿರಲಿಲ್ಲ.

"ಆಕಿ ಇರೂದ್ರಾಗ ಒಂದು ಸಲ ಆಕಿ ಬಾಯಿಂದ 'ಚೊಲೊ ಐತಿ' ಅನಿಸಬೇಕಲೇ," ಎಂದು ಮಾವ ನನ್ನ ಕೈ ಹಿಡಿದು ಹೇಳಿದ.

ಗಿಟಾರಿನ ದನಿ ಏರಿಸಲು ಕೋಟಿನ ಮುದುಕನ ಬಳಿ ಇದ್ದಂಥ ಆಂಪ್ಲಿಫೈಯರ್ ಕೊಳ್ಳಬೇಕಾದರೆ ಮಾವ ಮನೆ ಮಾರಬೇಕಿತ್ತು. ಕೊನೆಗೆ ಲಿಂಗಸುಗೂರಿನ ಹಳೇ ಸಾಮಾನಿನ ಅಂಗಡಿಯಲ್ಲಿ ಒಂದು ಅಗ್ಗದ್ದು ಸಿಕ್ಕಿತು. ಮೊಣಕಾಲೆತ್ತರದ ಡಬ್ಬಿ, ತಗಡಿನ ಮುಖ, ಒಂದು ಗುಂಡಿ ನಾಪತ್ತೆ. ಮಸ್ಕಿಯಲ್ಲಿ ನಾನು ಬಸ್ಸು ಹತ್ತಿದಾಗ ಮಾವ ಅದನ್ನು ಕೂಸಿನಂತೆ ತೊಡೆಯ ಮೇಲೆ ಕೂರಿಸಿಕೊಂಡಿದ್ದ. ಕಂಡಕ್ಟರ್ ಬಗ್ಗಿ ನೋಡಿದ.

"ಏನ್ರಿ ಯಜಮಾನ್ರ, ಲಗೇಜೇನು?"

"ಲಗೇಜಲ್ರಿ, ಜಾಝ್."

"ಏನರ ಇರ್ಲಿ, ಅದಕ್ಕೂ ಒಂದು ಟಿಕೀಟ್ ತಗೋರಿ."

ಮನೆಗೆ ತಂದು ತಂತಿ ಮೀಟಿದರೆ, ಅಯ್ಯೋ ಶಿವನೇ! ಸ್ಟೀಲ್ ಪಾತ್ರೆಗಳ ಅಟ್ಟವೇ ಕುಸಿದಂತಾಯಿತು. ಅತ್ತೆ ಮಂಚದ ಮೇಲಿಂದಲೇ ತೀರ್ಪು ಕೊಟ್ಟಳು: "ತಗಡಿನ ಮ್ಯಾಲ ಆಣಿಕಲ್ಲು ಬಿದ್ದಂಗ ಐತಿ."

ಮಾವ ಎದೆಗುಂದಲಿಲ್ಲ. ದನಿಯ ಚೂಪು ಹೆಚ್ಚಿಸುವ ಟ್ರೆಬಲ್ ಗುಂಡಿಯನ್ನು ಸೊನ್ನೆಗೆ ಇಳಿಸಿದ. ಗಿಟಾರಿನ ಟೋನ್ ಗುಂಡಿಯನ್ನೂ ಹಿಂದಕ್ಕೆ ತಿರುಗಿಸಿದ. ಪ್ಲಾಸ್ಟಿಕ್ ಪಿಕ್ ಬಿಸಾಕಿ ಹೆಬ್ಬೆರಳಿನಿಂದ ಮೀಟತೊಡಗಿದ. ಇಷ್ಟಕ್ಕೇ ನಿಲ್ಲಿಸಿದ್ದರೆ ಬುದ್ಧಿವಂತ ಎನ್ನಬಹುದಿತ್ತು, ಡಬ್ಬಿಗೆ ಕುರುಬರ ಕಂಬಳಿಯನ್ನೂ ಹೊದಿಸಿಬಿಟ್ಟ! ಅತ್ತೆ ಹೇಳಿದಳು: "ಈಗ ಎಮ್ಮಿ ಬಾವ್ಯಾಗ ಬಿದ್ದೈತಿ."

ಕಂಬಳಿ ಹೋಯಿತು, ಭತ್ತದ ಚೀಲಗಳು ಬಂದವು. ಡಬ್ಬಿಯ ಸುತ್ತ ಚೀಲ ಒಟ್ಟಿ, ನಡುವೆ ಕೂತು ಮಾವ ಕಣ್ಣು ಮುಚ್ಚಿ ನುಡಿಸುತ್ತಿದ್ದ. ನಿರಾಶ್ರಿತರ ಊರಾದ ಆರ್.ಎಚ್. ಕ್ಯಾಂಪಿನ ಬಂಗಾಲಿ ರೈತರೊಬ್ಬರು ಮೋಟಾರು ರಿಪೇರಿಗೆ ಬಂದವರು ಬಾಗಿಲಲ್ಲೇ ನಿಂತು ಕಿವಿಗೊಟ್ಟರು. ಅವರ ಮುಖದ ಗಾಂಭೀರ್ಯ ನೋಡಿ, ಬಂದನಪ್ಪ ಒಬ್ಬ ರಸಿಕ ಎಂದು ನಾನೂ ಅಂದುಕೊಂಡೆ. ಅವರು ಮೆಲ್ಲಗೆ ಕೇಳಿದರು: "ದಾದಾ, ಒಳಗ ಯಾವುದೋ ಮೋಟಾರ್ ಜಾಮ್ ಆಗೈತಿ, ಸ್ವಿಚ್ ತಗೀರಿ, ಸುಡತೈತಿ." ಅಂದು ಮಾವ ಮಧ್ಯಾಹ್ನದ ಊಟ ಮಾಡಲಿಲ್ಲ.

ತಪ್ಪೆಲ್ಲ ಗಿಟಾರಿನ ತಂತಿಯದೇ ಎಂದು ಆಮೇಲೆ ಮಾವನಿಗೆ ಗೊತ್ತಾಯಿತಂತೆ. ಜಾಝ್‌ನವರ ತಂತಿ ಮೇಲೆ ನುಣ್ಣಗಿರುತ್ತದೆ, ಬೆರಳು ಜಾರಿದರೆ ಕಿರ್ ಎನ್ನುವುದಿಲ್ಲ. ಅಂಥ ತಂತಿಗೆ ಸಿಂಧನೂರೆಲ್ಲ ತಿರುಗಿದ, ಸಿಗಲಿಲ್ಲ. ಮೋಟಾರ್ ಕಸುಬಿನವನ ಕೈ ಸುಮ್ಮನಿರುತ್ತದೆಯೇ? ಸುತ್ತಿದ ತಾಮ್ರದ ಸುರುಳಿಗೆ ವಾರ್ನಿಷ್ ಕುಡಿಸಿ ಒಣಗಿಸುವುದು ಅವರ ಪದ್ಧತಿ. ಗಿಟಾರಿನ ಆರೂ ತಂತಿಗಳನ್ನು ಅದೇ ವಾರ್ನಿಷ್ ಡಬ್ಬದಲ್ಲಿ ಅದ್ದಿ, ಮೋಟಾರುಗಳ ಜತೆ ಬಲ್ಬಿನ ಕಾವಿಗೆ ತೂಗುಹಾಕಿದ! ಒಣಗಿದ ಮೇಲೆ ಮೀಟಿದರೆ ತಂತಿ 'ಟಣ್' ಎನ್ನುವುದನ್ನು ಬಿಟ್ಟು 'ದಬ್' ಎಂದಿತು. ನಾನು ಹೊಟ್ಟೆ ಹಿಡಿದು ನಕ್ಕೆ. ಅತ್ತೆ ಮಾತ್ರ ನಗಲಿಲ್ಲ. ಸ್ವಲ್ಪ ಹೊತ್ತು ತುರಿಸಿಕೊಳ್ಳುವುದನ್ನು ನಿಲ್ಲಿಸಿ ಕೇಳಿದಳು.

"ಚುಚ್ಚೂದು ಹೋಗೈತಿ. ಆದ್ರ ಇನ್ನಾ ಏನೋ ಬಿರುಸು ಐತಿ ನೋಡ್ರಿ."

ಮೂವತ್ತು ವರ್ಷದಲ್ಲಿ ಮಾವನಿಗೆ ಸಿಕ್ಕ ಮೊದಲ ಪಾಸ್ ಮಾರ್ಕು ಅದು. ಅವನು ನನ್ನನ್ನು ಹೊರಗೆ ಕರೆದೊಯ್ದು ಎರಡು ಸಲ ಅದನ್ನೇ ಹೇಳಿಸಿದ.

ಆ ಬಿರುಸನ್ನು ಕಳೆದದ್ದು ಮಾವನಲ್ಲ, ಕರೆಂಟು. ಗದ್ದೆಗಳಿಗೆ ತ್ರೀ ಫೇಸ್ ಬಿಟ್ಟರೆ ಸಾಕು, ಕಾಲುವೆಯ ಉದ್ದಕ್ಕೂ ಮೋಟಾರುಗಳು ಒಮ್ಮೆಲೇ ಎದ್ದು ಊರಿನ ವೋಲ್ಟೇಜನ್ನು ಹೀರಿಬಿಡುತ್ತವೆ. ಫ್ಯಾನು ನಿಧಾನವಾಗುತ್ತದೆ, ಬಲ್ಬು ಕೆಂಪಾಗುತ್ತದೆ, ಊರೆಲ್ಲ ಬೈಯುತ್ತದೆ. ನಮ್ಮ ಮಾವನೊಬ್ಬ ಕುಣಿದಾಡಿದ! ಸೊರಗಿದ ಕರೆಂಟಿನಲ್ಲಿ ಆ ಬಡ ಡಬ್ಬಿಯ ಸೊಕ್ಕು ಇಳಿದು ದನಿ ಮೆತ್ತಗಾಗುತ್ತದೆ ಎಂದು ಕಂಡುಹಿಡಿದಿದ್ದ. ಅಂದಿನಿಂದ ಲೈನ್‌ಮನ್‌ಗೆ ದಿನಾ ಒಂದು ಫೋನು: "ಇವತ್ತು ತ್ರೀ ಫೇಸ್ ಎಷ್ಟಕ್ಕ ಬಿಡ್ತೀರಿ?" ಪಾಪ, ಮಾವನಿಗೆ ಗದ್ದೆ ಎಲ್ಲಿದೆ ಎಂದು ಆ ಲೈನ್‌ಮನ್ ಇನ್ನೂ ಹುಡುಕುತ್ತಿದ್ದಾನೆ.

ಹೀಗಿರುವಾಗ ಒಂದು ಮಧ್ಯಾಹ್ನ ನಾನೂ ಅಲ್ಲಿದ್ದೆ. ಆಸ್ಪತ್ರೆಯಿಂದ ಬಂದ ಅತ್ತೆ ಮಂಚದ ಮೇಲೆ ಮುದ್ದೆಯಾಗಿ ಬಿದ್ದಿದ್ದಳು. ಮುಖ ಮಣ್ಣಿನ ಬಣ್ಣಕ್ಕೆ ತಿರುಗಿತ್ತು, ಕಾಲು ತನ್ನಷ್ಟಕ್ಕೇ ಅದುರುತ್ತಿತ್ತು. ನನಗೆ ಭಯವಾಗಿ ಎದ್ದು ಹೋಗಬೇಕೆನಿಸಿತು. ಅಷ್ಟರಲ್ಲಿ ಗದ್ದೆಗಳಿಗೆ ತ್ರೀ ಫೇಸ್ ಬಿಟ್ಟರು, ಬಲ್ಬು ಮಂಕಾಯಿತು. ಮಾವ ಡಬ್ಬಿಯನ್ನು ಕುರ್ಚಿಯ ಮೇಲಿಟ್ಟು, ಹೆಬ್ಬೆರಳಿನಿಂದ ಯಾವುದೋ ಹಳೆಯ ಹಾಡಿನ ಸುತ್ತ ಅಡ್ಡಾಡತೊಡಗಿದ. ಸಂಗೀತದಲ್ಲಿ ನಾನು ಕತ್ತೆ. ಆದರೂ ಹೇಳುತ್ತೇನೆ, ಅವತ್ತು ಆ ದನಿ ನಿಜವಾಗಿಯೂ ಬಿಸಿ ಅಂಬಲಿಯಂತೆ ಇಳಿಯಿತು.

ಅತ್ತೆಯ ತೀರ್ಪು ಬರಲಿಲ್ಲ. ಮಾವ ಬಾರಿಸುತ್ತಲೇ ಕತ್ತು ಚಾಚಿ ನೋಡಿದ. ಅವಳ ಕಣ್ಣು ಮುಚ್ಚಿದ್ದವು. ಮಾವನ ಮುಖ ಇಳಿದುಹೋಯಿತು.

"ನೋಡಲೇ, ಕೇಳಲಾರದ ಮಲಗಿಬಿಟ್ಲು."

"ಮಾವಾ," ಎಂದೆ ಪಿಸುಮಾತಿನಲ್ಲಿ, "ಅತ್ತಿ ನಿದ್ದಿ ಮಾಡಾಕತ್ತಾಳ."

ಅವನಿಗೆ ಅರ್ಥವಾಗಲು ಒಂದು ಕ್ಷಣ ಬೇಕಾಯಿತು. ಅದುರುತ್ತಿದ್ದ ಕಾಲು ನಿಂತಿತ್ತು. ಬಾಯಿ ಸ್ವಲ್ಪ ತೆರೆದು, ಮಕ್ಕಳಂತೆ ಉಸಿರಾಡುತ್ತಿದ್ದಳು. ಮಾವ ಬಾಗಿ ಮತ್ತೆ ನುಡಿಸಿದ. ಒಂದು ತಾಸಿಗಿಂತ ಹೆಚ್ಚು ಹೊತ್ತು ನುಡಿಸಿದ. ಹೆಬ್ಬೆರಳಿಗೆ ಬೊಬ್ಬೆ ಬಂದು ಒಡೆದರೂ ನಿಲ್ಲಿಸಲಿಲ್ಲ, ಕಣ್ಣೀರು ಒರೆಸಿಕೊಳ್ಳಲೂ ಕೈ ತೆಗೆಯಲಿಲ್ಲ. ನನಗೂ ಅಳು ಬಂತು.

ಆಮೇಲೆ ಕರೆಂಟು ಪೂರ್ತಿಯೇ ಹೋಯಿತು. ಡಬ್ಬಿ ಸುಮ್ಮನಾದ ಕೂಡಲೇ ಅತ್ತೆ ಕಣ್ಣು ಬಿಟ್ಟಳು.

"ಯಾಕ ನಿಲ್ಲಿಸಿದ್ರಿ?"

"ಕರೆಂಟ್ ಹೋತು," ಎಂದ ಮಾವ, ಅಪರಾಧಿಯಂತೆ.

"ಬಂದಮ್ಯಾಲ ಬಾರಸ್ರಿ. ನಾ ಎಲ್ಲಿ ಹೋಗ್ತೀನಿ? ಇಲ್ಲೇ ಇರ್ತೀನಿ."

ಮಾವ "ಹೂಂ" ಎಂದ. ಗಿಟಾರನ್ನು ತೊಡೆಯಿಂದ ಇಳಿಸಲಿಲ್ಲ. ಒಂದು ಕೈಯಿಂದ ಅವಳ ಪಾದ ಹಿಡಿದುಕೊಂಡು, ಕರೆಂಟು ಬರುವುದನ್ನೇ ಕಾಯುತ್ತ ಕೂತ.